ಮುಖದ ಅಳತೆಯ ವರದಿಯನ್ನು ನಂಬಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಬದಿಯಡ್ಕದ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಇಪ್ಪತ್ತೆರಡು ವರ್ಷದ ನನ್ನ ಮಗಳು ಕಳೆದ ತಿಂಗಳು ಗೆಳತಿಯ ಜೊತೆ ಪೇಟೆಯ ಒಂದು ಸೌಂದರ್ಯ ಚಿಕಿತ್ಸಾಲಯಕ್ಕೆ ಹೋಗಿದ್ದಾಗ, ಅಲ್ಲಿನವರು ಮೊಬೈಲಿನಲ್ಲಿ ಅವಳ ಮುಖದ ಚಿತ್ರ ತೆಗೆದು, ಅದರ ಮೇಲೆ ಗೆರೆಗಳನ್ನು ಎಳೆದು, ನಾಲ್ಕು ಪುಟಗಳ ವರದಿಯೊಂದನ್ನು ಕೊಟ್ಟಿದ್ದಾರೆ. ಅದರ ಪ್ರಕಾರ ಅವಳ ಮುಖಕ್ಕೆ ನೂರರಲ್ಲಿ 71 ಅಂಕ. ಕಣ್ಣುಗಳ ಒಳಮೂಲೆಗಳ ನಡುವಿನ ಅಂತರ 32 ಮಿಲಿಮೀಟರ್, ಮೂಗಿನ ಅಗಲ 37 ಮಿಲಿಮೀಟರ್. ಇವೆರಡೂ ಸಮನಾಗಿರಬೇಕಾದುದರಿಂದ ಮೂಗನ್ನು 5 ಮಿಲಿಮೀಟರ್ ಕಿರಿದುಗೊಳಿಸಬೇಕಂತೆ. ಮುಖದ ಮೂರು ಭಾಗಗಳಲ್ಲಿ ಕೆಳಗಿನದು ಗಿಡ್ಡವಾಗಿರುವುದರಿಂದ ಗದ್ದವನ್ನೂ ಉದ್ದಗೊಳಿಸಬೇಕಂತೆ. ಇದರಿಂದ ಮುಖವು ಸುವರ್ಣ ಅನುಪಾತವಾದ 1.618ಕ್ಕೆ ಹತ್ತಿರವಾಗುತ್ತದೆ ಎಂದು ಕೊನೆಯ ಪುಟದಲ್ಲಿ ಬರೆದಿದೆ.

ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಶ್ರೇಣಿಯ ಒಂದೊಂದು ಸಂಖ್ಯೆಯನ್ನು ಅದರ ಹಿಂದಿನದರಿಂದ ಭಾಗಿಸುತ್ತಾ ಹೋದರೆ 1.618ರ ಹತ್ತಿರ ಬರುತ್ತದೆ ಎಂದು ನಾನೇ ಮಕ್ಕಳಿಗೆ ತೋರಿಸಿಕೊಡುತ್ತೇನೆ. ಅದೇ ಸಂಖ್ಯೆಯನ್ನು ಮುಂದಿಟ್ಟು ನನ್ನ ಮಗಳ ಮೂಗನ್ನು ಕೊಯ್ಯಲು ಹೊರಟಿರುವುದು ನನ್ನಲ್ಲಿ ದಿಗಿಲು ಹುಟ್ಟಿಸಿದೆ. ಅವಳು ಈಗ ಸ್ಕೇಲು ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಗದರಿಸಿ ಸುಮ್ಮನಾಗಿಸುವುದು ಕಷ್ಟವಲ್ಲ, ಆದರೆ ಕಾರಣ ಹೇಳದೆ ಬೇಡವೆನ್ನಲು ನನಗೆ ಮನಸ್ಸಿಲ್ಲ. ಈ ಅಳತೆಗಳು ಎಲ್ಲಿಂದ ಬಂದವು, ಶಸ್ತ್ರಚಿಕಿತ್ಸೆಯಲ್ಲಿ ಅವುಗಳನ್ನು ನಿಜವಾಗಿ ಹೇಗೆ ಬಳಸುತ್ತಾರೆ ಎಂಬುದನ್ನು ತಿಳಿದವರು ಬರೆಯಬೇಕಾಗಿ ಕೋರುತ್ತೇನೆ.

ಪೆರ್ಲದ ಸರ್ಜನ್

ಮಾಷ್ಟ್ರೇ, ನನ್ನ ಊರು ಪೆರ್ಲ. ಮಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೇನೆ. ಉತ್ತರ ಸ್ವಲ್ಪ ದೀರ್ಘವಾಗುತ್ತದೆ.

ಮುಖವನ್ನು ಉದ್ದಕ್ಕೆ ಮೂರು ಸಮಭಾಗ, ಅಗಲಕ್ಕೆ ಐದು ಸಮಭಾಗ ಮಾಡುವ, ಮೂಗಿನ ಅಗಲವೂ ಕಣ್ಣುಗಳ ನಡುವಿನ ಅಂತರವೂ ಒಂದೇ ಆಗಿರಬೇಕೆನ್ನುವ ನಿಯಮಗಳು ವೈದ್ಯರು ಜನರನ್ನು ಅಳೆದು ಕಂಡುಕೊಂಡವಲ್ಲ. ರೋಮಿನ ವಾಸ್ತುಕಾರ ವಿಟ್ರೂವಿಯಸ್ ಬರೆದಿಟ್ಟ ಮಾತುಗಳನ್ನು ಹಿಡಿದು, ಲಿಯೊನಾರ್ಡೊ ಡ ವಿಂಚಿಯಂಥ ಚಿತ್ರಕಾರರು ತಮ್ಮ ಕಸುಬಿನ ಅನುಕೂಲಕ್ಕೆ ಬೆಳೆಸಿಕೊಂಡ ಲೆಕ್ಕಗಳವು. ಟೊರಾಂಟೊದಲ್ಲಿದ್ದ ಲೆಸ್ಲಿ ಫರ್ಕಾಸ್ ಎಂಬ ವೈದ್ಯರು ಕ್ಯಾಲಿಪರ್ ಎಂಬ ಅಳತೆಯ ಸಾಧನ ಹಿಡಿದು ಸಾವಿರಾರು ಮುಖಗಳನ್ನು ಅಳೆದವರು. ಅವರ ತಂಡ ಈ ನಿಯಮಗಳನ್ನು ಉತ್ತರ ಅಮೆರಿಕದ ಬಿಳಿಯ ತರುಣ ತರುಣಿಯರ ಮೇಲೆ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದಾಗ, ಯುರೋಪಿನ ಮೂಲದವರಲ್ಲಿಯೇ ಬಹಳಷ್ಟು ಮಂದಿಗೆ ಅವು ಹೊಂದುವುದಿಲ್ಲವೆಂದು ತಿಳಿದುಬಂತು. 2005ರಲ್ಲಿ ಅವರೇ ಹಲವು ದೇಶಗಳ 1470 ಮಂದಿಯ ಮುಖದ 14 ಅಳತೆಗಳನ್ನು ಹೋಲಿಸಿದರು. ಮೂಗಿನ ಅಗಲವು ಒಂದು ಜನವರ್ಗದಿಂದ ಇನ್ನೊಂದಕ್ಕೆ ಗಣನೀಯವಾಗಿ ಬದಲಾಗುತ್ತದೆ ಎಂಬುದು ಅಲ್ಲಿಯೂ ಕಂಡಿತು. ಹೀಗಿರುವಾಗ ನಮ್ಮ ಕಡೆಯ ಹುಡುಗಿಯೊಬ್ಬಳ ಮೂಗನ್ನು ಆ ನಿಯಮಕ್ಕೆ ಹೋಲಿಸಿ ಕೊರತೆಯೆಂದು ಬರೆಯುವುದು ವೈದ್ಯಕೀಯವಾಗಿ ಸರಿಯಲ್ಲ.

ಸುವರ್ಣ ಅನುಪಾತದ ವಿಷಯದಲ್ಲಿ ನಿಮಗೆ ನಾನು ಗಣಿತ ಹೇಳಬೇಕಾಗಿಲ್ಲ. ಅಮೆರಿಕದ ಸ್ಟೀಫನ್ ಮಾರ್ಕ್ವಾರ್ಟ್ ಆ ಅನುಪಾತದಿಂದ ರಚಿಸಿದ, ಮುಖದ ಚಿತ್ರದ ಮೇಲಿಟ್ಟು ಹೋಲಿಸುವ ಗೆರೆಗಳ ಮುಖವಾಡವೊಂದು ಇಂಥ ಅನೇಕ ವರದಿಗಳ ಹಿಂದಿದೆ. ಮುಖದ ಮೇಲೆ 20 ಬಿಂದುಗಳನ್ನು ಗುರುತಿಸಿದರೆ ಎರಡೆರಡು ಬಿಂದುಗಳ ನಡುವೆ 190 ದೂರಗಳು ಸಿಗುತ್ತವೆ. ಆ ದೂರಗಳನ್ನು ಒಂದರಿಂದ ಒಂದನ್ನು ಭಾಗಿಸುತ್ತಾ ಹೋದರೆ ಯಾರ ಮುಖದಲ್ಲಾದರೂ 1.6ರ ಆಸುಪಾಸಿನ ಉತ್ತರಗಳು ಬೇಕಾದಷ್ಟು ಬರುತ್ತವೆ.

ನನಗೆ ಹೆಚ್ಚು ಕಳವಳ ತಂದದ್ದು ಮೊಬೈಲಿನ ಚಿತ್ರ. ಪಕ್ಕದಲ್ಲಿ ಅಳತೆಪಟ್ಟಿ ಇಲ್ಲದ ಚಿತ್ರದಿಂದ ಮಿಲಿಮೀಟರ್ ಲೆಕ್ಕ ಹೇಳುವುದು ಸಾಧ್ಯವಿಲ್ಲ. ಅದಿರಲಿ, ಮೂಗು ಕಣ್ಣಿನ ಮೂಲೆಗಿಂತ ಕ್ಯಾಮೆರಾದ ಕಡೆಗೆ ಮುಂದಿರುತ್ತದೆ. ಕ್ಯಾಮೆರಾ ಹತ್ತಿರ ಬಂದಷ್ಟೂ ಮುಂದಿರುವ ಭಾಗ ಹಿಗ್ಗಿ ಕಾಣುತ್ತದೆ. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲವು ಐದು ಅಡಿ ದೂರದ ಚಿತ್ರಕ್ಕಿಂತ ಸುಮಾರು 30 ಪ್ರತಿಶತ ಹೆಚ್ಚಾಗಿ ತೋರುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕಹಾಕಿ ಪ್ರಕಟಿಸಿದ್ದಾರೆ. ನಿಮ್ಮ ಮಗಳ ಆ 5 ಮಿಲಿಮೀಟರ್ ಮೂಗಿನದ್ದಲ್ಲ, ಕ್ಯಾಮೆರಾದ್ದೇ ಆಗಿರಬಹುದು.

ನಾವು ಅಳೆಯುವುದೇ ಇಲ್ಲವೆಂದು ಇದರ ಅರ್ಥವಲ್ಲ. ಕಣ್ಣುಗುಳಿಯ ಕೆಳ ಅಂಚು ಮತ್ತು ಕಿವಿರಂಧ್ರದ ಮೇಲಂಚನ್ನು ಸೇರಿಸುವ ಗೆರೆ ನೆಲಕ್ಕೆ ಸಮಾಂತರವಾಗುವಂತೆ ತಲೆಯನ್ನು ನಿಲ್ಲಿಸಿಯೇ ಅಳೆಯುತ್ತೇವೆ. ಇದು 1884ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಒಪ್ಪಿಕೊಂಡ ಕ್ರಮ. ಮೂಗು ಮತ್ತು ಮೇಲ್ದುಟಿಯ ನಡುವಿನ ಕೋನ, ಎಡಬಲಗಳ ವ್ಯತ್ಯಾಸ, ಚರ್ಮದ ದಪ್ಪ, ಇವೆಲ್ಲ ಶಸ್ತ್ರಚಿಕಿತ್ಸೆಯ ಯೋಜನೆಗೆ ಬೇಕು. ರೋಗಿ ತನಗೆ ಏನು ಬೇಕೆಂದು ಹೇಳಿದ ಮೇಲೆ, ಅದನ್ನು ಎಷ್ಟರ ಮಟ್ಟಿಗೆ ಮಾಡಬಹುದೆಂದು ತಿಳಿಯಲು ಅಳತೆ ಬರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಕ್ರಮ ತಲೆಕೆಳಗಾಗಿದೆ. ಹೊಳ್ಳೆಗಳ ಬುಡದಿಂದ ಕೊಯ್ದು ತೆಗೆದದ್ದನ್ನು ಮತ್ತೆ ಹಾಗೆಯೇ ಸೇರಿಸಲಾಗುವುದಿಲ್ಲ. ಅವಳಿಗೆ ಉಸಿರಾಟ ಸಲೀಸಾಗಿದೆಯೇ ಎಂದು ದಯವಿಟ್ಟು ಕೇಳಿ ತಿಳಿಸಿ.

ಕುಂಬಳೆಯ ಶಿಲ್ಪಿ

ನಾನು ವೈದ್ಯನಲ್ಲ, ನಮ್ಮದು ದೇವಸ್ಥಾನಗಳಿಗೆ ವಿಗ್ರಹ ಕೆತ್ತುವ ಆಚಾರಿ ಮನೆತನ. ಅಳತೆಯ ಮಾತು ಬಂದುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ತಾಳ. ನವತಾಳದ ವಿಗ್ರಹವೆಂದರೆ 108 ಅಂಗುಲ, ಉತ್ತಮ ದಶತಾಳವೆಂದರೆ ಹತ್ತು ತಾಳದ ಮೇಲೆ ನಾಲ್ಕು ಸೇರಿ 124 ಅಂಗುಲ. ಆದರೆ ಆ ಅಂಗುಲ ಅಂಗಡಿಯ ಟೇಪಿನಲ್ಲಿ ಸಿಗುವಂಥದ್ದಲ್ಲ. ಕೆತ್ತಬೇಕಾದ ಮೂರ್ತಿಯ ಎತ್ತರವನ್ನೇ ಅಷ್ಟು ಭಾಗ ಮಾಡಿ, ಬಂದ ಒಂದು ಭಾಗವನ್ನು ಅಂಗುಲವೆಂದು ಇಟ್ಟುಕೊಳ್ಳುತ್ತೇವೆ. ಅದಕ್ಕೆ ದೇಹಲಬ್ಧಾಂಗುಲವೆಂದು ಹೆಸರು. ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಅದರದರ ಅಂಗುಲ ಬೇರೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಪುರುಷರಲ್ಲಿಯೇ ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂಬ ಐದು ಬಗೆಗಳನ್ನು ಹೇಳಿ, ಕ್ರಮವಾಗಿ 108, 106, 104, 100, 90 ಅಂಗುಲಗಳ ಪ್ರಮಾಣ ಕೊಡುತ್ತದೆ. ಶಶಕನನ್ನು ಹಂಸನ ಅಳತೆಗೆ ಎಳೆಯಬೇಕೆಂದು ಅಲ್ಲಿ ಹೇಳಿಲ್ಲ.

ಇನ್ನೊಂದು ಮಾತು. ಇವೆಲ್ಲ ಕಲ್ಲು, ಮರ, ಬಣ್ಣಗಳಿಗೆ ಹೇಳಿದ ಪ್ರಮಾಣಗಳು. ಉಳಿ ತಪ್ಪಿದರೆ ನಾನು ಬೇರೆ ಕಲ್ಲು ತರುತ್ತೇನೆ.

ಮಂಜೇಶ್ವರದ ಗೃಹಿಣಿ

ಮಾಷ್ಟ್ರೇ, ನನ್ನ ಮಗ ಹುಟ್ಟುವಾಗ ಅವನ ಬಲಗಿವಿಯ ಜಾಗದಲ್ಲಿ ಕಡಲೆ ಗಾತ್ರದ ಒಂದು ಗಂಟು ಮಾತ್ರ ಇತ್ತು. ಪಕ್ಕೆಲುಬಿನ ಮೃದುವಾದ ಎಲುಬನ್ನು ತೆಗೆದು ಕಿವಿ ಕಟ್ಟಬಹುದು, ಆದರೆ ಮಗುವಿಗೆ ಹತ್ತು ವರ್ಷ ತುಂಬಿ ಎದೆಯ ಸುತ್ತಳತೆ 60 ಸೆಂಟಿಮೀಟರ್ ಆಗುವವರೆಗೆ ಕಾಯಬೇಕು ಎಂದು ವೈದ್ಯರು ಹೇಳಿದರು. ಅಷ್ಟು ಬೆಳೆಯದಿದ್ದರೆ ಕಿವಿಗೆ ಬೇಕಾದಷ್ಟು ಎಲುಬು ಸಿಗುವುದಿಲ್ಲವಂತೆ. ಪ್ರತಿ ವರ್ಷ ಅವನ ಹುಟ್ಟುಹಬ್ಬದ ದಿನ ಬಟ್ಟೆ ಹೊಲಿಯುವ ಟೇಪಿನಿಂದ ಎದೆಯನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ.

ಶಸ್ತ್ರಚಿಕಿತ್ಸೆಯ ಮೊದಲು ಅವರು ಅವನ ಎಡಗಿವಿಯ ಮೇಲೆ ತೊಳೆದ ಎಕ್ಸ್‌ರೇ ಫಿಲ್ಮನ್ನು ಇಟ್ಟು, ಕಿವಿಯ ಅಂಚನ್ನೂ ಒಳಗಿನ ಮಡಿಕೆಗಳನ್ನೂ ಬರೆದುಕೊಂಡು, ಅದನ್ನೇ ಮಗುಚಿ ಬಲಗಡೆಗೆ ಅಚ್ಚು ಮಾಡಿಕೊಂಡರು. ಮೇಲೆ ಚರ್ಮದ ದಪ್ಪ ಬರುವುದರಿಂದ ಅಚ್ಚನ್ನು ಸುತ್ತಲೂ ಕೆಲವು ಮಿಲಿಮೀಟರ್ ಚಿಕ್ಕದು ಮಾಡಿದರು. ಕಣ್ಣಿನ ಹೊರಮೂಲೆಯಿಂದ ಕಿವಿಯ ಬುಡಕ್ಕೆ ಎಡಗಡೆ ಎಷ್ಟು ದೂರವೋ ಬಲಗಡೆಯೂ ಅಷ್ಟೇ ಇರುವಂತೆ ಗುರುತು ಹಾಕಿದರು. ಚಂದದ ಕಿವಿಯ ಚಿತ್ರವನ್ನು ಅವರು ಒಮ್ಮೆಯೂ ತೋರಿಸಲಿಲ್ಲ. ಅಳತೆಯೆಲ್ಲ ಅವನ ಇನ್ನೊಂದು ಕಿವಿಯಿಂದಲೇ ಬಂತು. ಆರು ತಿಂಗಳ ನಂತರ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕಿವಿಯನ್ನು ತಲೆಯಿಂದ ಎತ್ತಿ ನಿಲ್ಲಿಸಿದರು. ಅವನೀಗ ಕನ್ನಡಕದ ಎರಡು ಕಾಲುಗಳನ್ನೂ ಕಿವಿಯ ಮೇಲೆಯೇ ಇಟ್ಟುಕೊಳ್ಳುತ್ತಾನೆ.

ಬದಿಯಡ್ಕದ ಅಧ್ಯಾಪಕ

ಡಾಕ್ಟ್ರೇ, ಆಚಾರ್ರೇ, ಅಕ್ಕಾ, ನಿಮ್ಮೆಲ್ಲರ ಬರಹಗಳನ್ನು ಮಗಳಿಗೆ ಓದಲು ಕೊಟ್ಟೆ. ಆಮೇಲೆ ಅವಳ ತಾಯಿಯೂ ನಾನೂ ಕುಳಿತು, ನಿನಗೆ ನಿಜವಾಗಿ ಏನು ಬೇಕು ಎಂದು ಕೇಳಿದೆವು. ಗದ್ದದ ಬಗ್ಗೆ ವರದಿ ಓದುವವರೆಗೆ ಅವಳು ಯೋಚಿಸಿಯೇ ಇರಲಿಲ್ಲ. ಅವಳಿಗೆ ಬೇಸರವಿರುವುದು ಮೂಗಿನ ಏಣಿನ ಮೇಲೆ ಪಕ್ಕದಿಂದ ಕಾಣುವ ಉಬ್ಬಿನ ಬಗ್ಗೆ. ಎಂಟನೆಯ ತರಗತಿಯಲ್ಲಿ ಖೋಖೋ ಆಡುವಾಗ ಬಿದ್ದ ಮೇಲೆ ಅದು ಬಂದದ್ದು. ಅಂದಿನಿಂದ ಎಡಹೊಳ್ಳೆ ಹೆಚ್ಚಾಗಿ ಕಟ್ಟಿಕೊಂಡೇ ಇರುತ್ತದೆಯಂತೆ. ನಮಗಿದು ಗೊತ್ತೇ ಇರಲಿಲ್ಲ. ನಾಲ್ಕು ಪುಟಗಳ ವರದಿಯಲ್ಲಿ ಉಸಿರಾಟದ ಬಗ್ಗೆ ಒಂದು ಸಾಲೂ ಇಲ್ಲ, ಅಲ್ಲಿ ಯಾರೂ ಕೇಳಿಯೂ ಇಲ್ಲ. ಮುಂದೆ ಏನು ಮಾಡಬೇಕು?

ಪೆರ್ಲದ ಸರ್ಜನ್

ಮಾಷ್ಟ್ರೇ, ಹಾಗಾದರೆ ಮೊದಲು ಇಎನ್‌ಟಿ ತಜ್ಞರ ಬಳಿ ಮೂಗಿನ ಒಳಗನ್ನು ತೋರಿಸಿ. ಬಿದ್ದಾಗ ಎರಡು ಹೊಳ್ಳೆಗಳ ನಡುವಿನ ಗೋಡೆ, ಅಂದರೆ ನಡುಗೋಡೆ, ವಾಲಿರಬಹುದು. ಎಡಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಮೆಲ್ಲನೆ ಎಳೆದು ಹಿಡಿದಾಗ ಆ ಹೊಳ್ಳೆಯ ಉಸಿರು ಸಲೀಸಾಗುವುದಾದರೆ, ಒಳಗಿನ ದಾರಿಯೇ ಇಕ್ಕಟ್ಟಾಗಿರುವ ಸಾಧ್ಯತೆ ಇದೆ. ಅಂಥ ಮೂಗನ್ನು ಇನ್ನೂ 5 ಮಿಲಿಮೀಟರ್ ಕಿರಿದುಗೊಳಿಸಿದ್ದರೆ ಏನಾಗುತ್ತಿತ್ತು ಎಂದು ನೆನೆಯುವಾಗ ನನಗೆ ಸಂಕಟವಾಗುತ್ತದೆ. ಉಬ್ಬನ್ನೂ ನಡುಗೋಡೆಯನ್ನೂ ಅಗತ್ಯವಿದ್ದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸರಿಪಡಿಸಬಹುದು. ಅವಳ ಬಯಕೆಯಲ್ಲಿ ತಪ್ಪೇನಿಲ್ಲ.

ಮಂಜೇಶ್ವರದ ಅಕ್ಕ ಬರೆದ ಫಿಲ್ಮಿನ ಅಚ್ಚು ನಮ್ಮ ವಿದ್ಯೆಯಲ್ಲಿ ಬಹಳ ಹಳೆಯದು. ಕತ್ತರಿಸಿಹೋದ ಮೂಗನ್ನು ಕಟ್ಟುವಾಗ ಮೊದಲು ಆ ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿಕೊಂಡು, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಎಬ್ಬಿಸಬೇಕೆಂದು ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿದೆ.

ವೈದ್ಯರ ಬಳಿ ಹೋಗುವಾಗ ಹೊಸ ಚಿತ್ರಗಳನ್ನು ಒಯ್ಯಿರಿ. ಐದು ಅಡಿ ದೂರದಲ್ಲಿ ನಿಂತು, ಮೊಬೈಲನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿದು, ಝೂಮ್ ಮಾಡಿ ತೆಗೆಯಿರಿ. ನಗು ಬೇಡ. ಎದುರಿನಿಂದ ಒಂದು, ಎರಡೂ ಪಕ್ಕಗಳಿಂದ, ಎರಡೂ ಓರೆಯಿಂದ, ತಲೆ ಹಿಂದಕ್ಕೆ ಬಾಗಿಸಿ ಹೊಳ್ಳೆಗಳು ಕಾಣುವಂತೆ ಇನ್ನೊಂದು. ಬೀಳುವ ಮೊದಲಿನ ಅವಳ ಹಳೆಯ ಫೋಟೊ ಯಾವುದಾದರೂ ಮನೆಯಲ್ಲಿದ್ದರೆ ಅದನ್ನೂ ಮರೆಯದೆ ಒಯ್ಯಿರಿ.