ಅಪ್‌ಡೇಟ್: ಅಲೈನ್‌ಮೆಂಟ್ ಮಾಡಿದರೂ ಗೆರೆಗಳು ಅಂಕುಡೊಂಕು – ಕಾರಣ ಸಿಕ್ಕಿತು

ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಹೆಡ್ ಅಲೈನ್‌ಮೆಂಟ್ (ಇಂಕ್ ಚಿಮ್ಮುವ ಹೆಡ್‌ನ ಮುದ್ರಣ ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವುದು) ಮುಗಿಸಿದ ಮೇಲೂ ಟೇಬಲ್‌ನ ಉದ್ದ ಗೆರೆಗಳು ಏಕೆ ಮುರಿದು ಬರುತ್ತವೆ ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ತೊಂದರೆ ಇದ್ದದ್ದು ಹೆಡ್‌ನಲ್ಲಲ್ಲ, ಹೆಡ್ ಎಲ್ಲಿದೆ ಎಂದು ತಿಳಿಸುವ ಎನ್‌ಕೋಡರ್ ಪಟ್ಟಿಯಲ್ಲಿ.

ನಾಝಲ್ ಚೆಕ್‌ನಲ್ಲಿ, ಅಂದರೆ ಇಂಕ್ ಚಿಮ್ಮುವ ತೂತುಗಳ ಪರೀಕ್ಷಾ ಮುದ್ರಣದಲ್ಲಿ, ನಾಲ್ಕೂ ಬಣ್ಣ ಪೂರ್ತಿ ಬಂತು. (ಅಲ್ಲೇ ಗೆರೆ ತುಂಡಾಗಿದ್ದರೆ ಮೊದಲು ಕ್ಲೀನಿಂಗ್ ಆಗಬೇಕು, ಅಲೈನ್‌ಮೆಂಟ್ ಆಮೇಲೆ.) ಆದರೆ ಗೆರೆ ಜರುಗಿದ್ದು ಹಾಳೆಯ ಎಡಭಾಗದಲ್ಲಿ ಮಾತ್ರ. ಸುಳಿವು ಅದೇ. ಅಲೈನ್‌ಮೆಂಟ್ ಇಡೀ ಅಗಲಕ್ಕೆ ಒಂದೇ ತಿದ್ದುಪಡಿ ಕೊಡುತ್ತದೆ. ಒಂದು ಜಾಗದ ದೋಷವನ್ನು ಅದು ಮುಚ್ಚಲಾರದು.

ಕ್ಯಾರೇಜ್‌ನ (ಹೆಡ್ ಹೊತ್ತು ಅತ್ತಿತ್ತ ಓಡುವ ಭಾಗ) ಹಿಂದೆ ಹಾದುಹೋಗುವ ಈ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಸಣ್ಣ ಗೆರೆಗಳನ್ನು ಎಣಿಸಿಯೇ ಪ್ರಿಂಟರ್ ಹೆಡ್‌ನ ಸ್ಥಾನ ತಿಳಿಯುವುದು. ಪಟ್ಟಿಯ ಎಡತುದಿಯಲ್ಲಿ ಇಂಕ್‌ನ ಮಂಜು ಕೂತು ಬೂದುಬಣ್ಣವಾಗಿತ್ತು.

ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಸ್ವಲ್ಪವೇ ತೇವ ಮಾಡಿ, ಪಟ್ಟಿಯ ಎರಡೂ ಬದಿ ಹಗುರವಾಗಿ ಒರೆಸಿ, ಒಣಬಟ್ಟೆ ಆಡಿಸಿದೆ. ಪಟ್ಟಿಯನ್ನು ಎಳೆಯಬೇಡಿ, ತುದಿಯ ಕೊಕ್ಕೆಯಿಂದ ಕಳಚಿಕೊಳ್ಳುತ್ತದೆ. ಥಿನ್ನರ್, ಅಸಿಟೋನ್ ಬೇಡವೇ ಬೇಡ, ಗೆರೆಗಳೇ ಅಳಿಸಿಹೋಗಬಹುದು. ಕ್ಯಾರೇಜ್ ಓಡುವ ರಾಡ್‌ನ ಗ್ರೀಸ್ ಪಟ್ಟಿಗೆ ತಾಗದಿರಲಿ, ತಾಗಿದರೆ ಮೊದಲಿಗಿಂತ ಹೆಚ್ಚು ಕೆಡುತ್ತದೆ.

ಬಳಿಕ ಸಾದಾ ಎ4 ಹಾಳೆಯಲ್ಲಿ ಹೊಸದಾಗಿ ಅಲೈನ್‌ಮೆಂಟ್ ಮಾಡಿದೆ. ಈಗ ಬೈಡೈರೆಕ್ಷನಲ್ ಪ್ರಿಂಟಿಂಗ್ (ಹೆಡ್ ಹೋಗುವಾಗಲೂ ಬರುವಾಗಲೂ ಮುದ್ರಿಸುವುದು) ಆನ್ ಇದ್ದರೂ ಗೆರೆಗಳು ಅಂಚಿನಿಂದ ಅಂಚಿಗೆ ನೆಟ್ಟಗಿವೆ.