‘ಸರ್ವಾಧಿಕಾರಿ’, ‘ನಿರಂಕುಶ’, ‘ಯಜಮಾನ’: ಯಾವುದು ಎಲ್ಲಿಗೆ?

ಪೆರುವಿನ ಲೇಖಕ ಮಾರಿಯೋ ವರ್ಗಾಸ್ ಯೋಸಾ 2000ದಲ್ಲಿ ಪ್ರಕಟಿಸಿದ ‘ಲಾ ಫಿಯೆಸ್ತಾ ದೆಲ್ ಚಿವೊ’ (ಹೋತದ ಹಬ್ಬ) ಎಂಬ ಸ್ಪ್ಯಾನಿಷ್ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡೊಮಿನಿಕನ್ ಗಣರಾಜ್ಯವನ್ನು 1930ರಿಂದ ಮುಷ್ಟಿಯಲ್ಲಿಟ್ಟುಕೊಂಡು, 1961ರ ಮೇ ತಿಂಗಳಲ್ಲಿ ಗುಂಡೇಟಿಗೆ ಸತ್ತ ರಫಾಯೆಲ್ ಟ್ರುಹಿಯೊನ ಸುತ್ತ ಹೆಣೆದ ಕಥೆ ಅದು. ಅವನಿಗೆ ನಮ್ಮಲ್ಲಿ ಯಾವ ಪದ ಒಪ್ಪುತ್ತದೆ?

ಪತ್ರಿಕೆಗಳಲ್ಲಿ ಏಕಾಧಿಪತಿ, ಸರ್ವಾಧಿಕಾರಿ, ನಿರಂಕುಶ ಪ್ರಭು ಮೂರೂ ಒಂದೇ ಅರ್ಥದಲ್ಲಿ ಓಡಾಡುತ್ತವೆ. ಟ್ರುಹಿಯೊನ ಕೊನೆಯ ದಿನಗಳಲ್ಲಿ ಅಧ್ಯಕ್ಷ ಪಟ್ಟದಲ್ಲಿದ್ದವನು ಬಲಗೇರ್. ಹಾಗಾಗಿ ‘ಅಧಿಪತಿ’ ಹೊಂದುವುದಿಲ್ಲ. ಪಟ್ಟ ಯಾರದೇ ಇರಲಿ, ಅಧಿಕಾರವೆಲ್ಲ ಇವನದು ಎನ್ನುವ ‘ಸರ್ವಾಧಿಕಾರಿ’ ವಾಸಿ.

‘ನಿರಂಕುಶ’ದ ವಿಚಾರ ಬೇರೆ. ‘ನಿರಂಕುಶಾಃ ಕವಯಃ’ (ಕವಿಗಳಿಗೆ ಅಂಕುಶವಿಲ್ಲ) ಎಂಬ ಮಾತಿನಲ್ಲಿ ಅದು ಮೆಚ್ಚುಗೆ. ಕುವೆಂಪು ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’ ಎಂದಾಗ ಅದು ಬುದ್ಧಿಯ ಬಿಡುಗಡೆಗೆ ಕೊಟ್ಟ ಕರೆ. ಅದೇ ಪದ ಪ್ರಭುತ್ವಕ್ಕೆ ಅಂಟಿದೊಡನೆ ಬೈಗುಳವಾಗುತ್ತದೆ. ಉದಾರವಾದದ, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ‘ಲಿಬರಲ್’ ವಿಚಾರದ, ತಿರುಳೇ ಇಲ್ಲಿದೆ ಎಂದು ನನಗೆ ತೋರುತ್ತದೆ: ಅಂಕುಶ ಅಧಿಕಾರಕ್ಕೆ ಬೇಕು, ಮತಿಗೆ ಬೇಡ. ಟ್ರುಹಿಯೊ ಮಾಡಿದ್ದು ಸರಿಯಾಗಿ ಇದರ ತಿರುವು ಮುರುವು. ಆದ್ದರಿಂದ ‘ನಿರಂಕುಶ’ವನ್ನು ಒಂಟಿಯಾಗಿ ಬಿಡದೆ, ಯಾವುದು ನಿರಂಕುಶ ಎಂದು ಪ್ರತಿ ಸಲವೂ ಜೊತೆಗೆ ಹೇಳುವುದು ಲೇಸು.

ಇಷ್ಟೆಲ್ಲ ನಿರೂಪಕನ ಭಾಷೆಗೆ. ಪಾತ್ರಗಳ ಬಾಯಿಗೆ ಏನು ಕೊಡಬೇಕು? ವಾಸ್ತವವಾದಿ ಕಾದಂಬರಿಯಲ್ಲಿ ಆಳುವವನ ಪರಿವಾರದವರು ಅವನನ್ನು ಎದುರಿಗೆ ಸರ್ವಾಧಿಕಾರಿ ಎನ್ನುವುದಿಲ್ಲ. ಇಲ್ಲಿ ಅವರಿಗೆ ಅವನು ‘ಹೇಫೆ’, ಸ್ಪ್ಯಾನಿಷ್‌ನಲ್ಲಿ ಮೇಲಿನವನು, ಹೇಳಿದಂತೆ ನಡೆಸುವವನು ಎಂದು. ‘ಮುಖ್ಯಸ್ಥ’ ಎಂದರೆ ಕಚೇರಿಯ ಮಾತಾಯಿತು, ‘ನಾಯಕ’ ಎಂದರೆ ಚುನಾವಣೆಯ ಭಾಷಣವಾಯಿತು. ಆ ಕಾಲದ ಮನೆಗಳ ಗೋಡೆಯ ಮೇಲೆ ‘ಈ ಮನೆಯಲ್ಲಿ ಟ್ರುಹಿಯೊನೇ ಹೇಫೆ’ ಎಂಬ ಫಲಕ ತೂಗುತ್ತಿತ್ತು. ಅದನ್ನು ‘ಈ ಮನೆಗೆ ಟ್ರುಹಿಯೊನೇ ಯಜಮಾನ’ ಎಂದು ಬರೆದು ನೋಡಿ. ಹೆಂಡತಿ ಗಂಡನನ್ನು ‘ನಮ್ಮ ಯಜಮಾನರು’ ಎನ್ನುವ ಭಾಷೆ ನಮ್ಮದು. ಮಂತ್ರಿಗಳ ಹೆಂಡತಿಯರ ಮೇಲೂ ಹಕ್ಕು ಸಾಧಿಸುವವನ ಕಥೆ ಇದು. ಕಳೆದುಕೊಂಡ ಕೃಪೆಯನ್ನು ಮರಳಿ ಪಡೆಯಲು ಸೆನೆಟರ್ ಕಬ್ರಾಲ್ ಹದಿನಾಲ್ಕರ ಮಗಳು ಉರಾನಿಯಾಳನ್ನೇ ಅವನಿಗೆ ಒಪ್ಪಿಸುತ್ತಾನೆ. ಅಂಗಳ ದಾಟಿ ಒಳಮನೆಗೆ ನುಗ್ಗಿದ ಈ ಅಧಿಕಾರವನ್ನು ‘ಯಜಮಾನ’ ಹೇಳುವಷ್ಟು ‘ಒಡೆಯ’, ‘ಧಣಿ’ ಹೇಳಲಾರವು. ‘ಒಡೆಯ’ದಲ್ಲಿ ಭಕ್ತಿಯ ಛಾಯೆ ಇದೆ, ‘ಧಣಿ’ಯಲ್ಲಿ ಕೂಲಿಯ ಲೆಕ್ಕವಿದೆ.

ನನಗೆ ಬಗೆಹರಿಯದೆ ಉಳಿದಿರುವುದು ‘ಉದಾರವಾದಿ’. ಲೇಖಕರು 1990ರಲ್ಲಿ ಪೆರುವಿನ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಫುಜಿಮೊರಿಯ ಎದುರು ಸೋತವರು, ತಮ್ಮನ್ನು ಉದಾರವಾದಿ ಎಂದೇ ಕರೆದುಕೊಂಡವರು. ಆದರೆ ‘ಉದಾರ’ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಬರುವುದು ಕೊಡುಗೈ. ಟ್ರುಹಿಯೊನ ಅಧಿಕೃತ ಬಿರುದುಗಳಲ್ಲೊಂದು ‘ನಾಡಿನ ಉಪಕಾರಿ’. ಒಂದೇ ಪುಟದಲ್ಲಿ ಉಪಕಾರಿ ಮತ್ತು ಉದಾರವಾದಿ ಎರಡೂ ಬಂದರೆ, ಒಂದು ಇನ್ನೊಂದರ ವಿರುದ್ಧ ನಿಂತಿದೆ ಎಂದು ಓದುಗರಿಗೆ ತಿಳಿಯುವುದು ಹೇಗೆ? ‘ಸ್ವಾತಂತ್ರ್ಯವಾದಿ’ ಎಂದರೆ ದೇಶದ ಸ್ವಾತಂತ್ರ್ಯ ಹೋರಾಟ ನೆನಪಾಗುತ್ತದೆ. ‘ವ್ಯಕ್ತಿಸ್ವಾತಂತ್ರ್ಯವಾದಿ’ ಉದ್ದವಾದರೂ ಸ್ಪಷ್ಟ. ಸಂಭಾಷಣೆಯಲ್ಲಿ ಅದು ತೊಡರದಂತೆ ಬಳಸಿದವರು ಇದ್ದರೆ, ಒಂದೆರಡು ವಾಕ್ಯಗಳ ಸಮೇತ ತಿಳಿಸಿ.