ಗರ್ಭಪಾತಕ್ಕೆ ಗಂಡನ ಸಹಿ ಬೇಕೇ ಬೇಕಾ? ವಕೀಲರನ್ನು ಕೇಳಿ

ಪ್ರಶ್ನೆ (ಹೆಸರು ಹಾಕಬೇಡಿ ಎಂದ ಸದಸ್ಯೆ):
ಮೇಡಂ, ನನ್ನ ನಾದಿನಿಗೆ ಈಗ ಹತ್ತು ವಾರ. ಕೈಗೂಸಿಗೆ ಇನ್ನೂ ವರ್ಷ ತುಂಬಿಲ್ಲ. ಎಚ್ಚರಿಕೆಯಿಂದಲೇ ಇದ್ದರು, ಆದರೂ ಮುಟ್ಟು ನಿಂತಿದೆ. ಗಂಡ ರಜೆ ಮುಗಿಸಿ ದುಬೈಗೆ ವಾಪಸ್ ಹೋಗಿಯಾಗಿದೆ. ಈಗ ಇನ್ನೊಂದು ಬೇಡ ಅಂತ ಅವಳೇ ತೀರ್ಮಾನ ಮಾಡಿ ಒಂದು ಖಾಸಗಿ ಆಸ್ಪತ್ರೆಗೆ ಹೋದಳು. ಒಳಗೆ ಡಾಕ್ಟರ್ ಏನೂ ತಕರಾರು ತೆಗೆಯಲಿಲ್ಲ. ಹೊರಗೆ ಕೌಂಟರಿನಲ್ಲಿ ಮಾತ್ರ "ಯಜಮಾನರನ್ನು ಕರ್ಕೊಂಡು ಬನ್ನಿ, ಅವರ ಸಹಿ ಬೇಕು" ಅಂದರು. ನಮ್ಮ ಅತ್ತೆಗೂ ಅದೇ ಸಾಕಾಯಿತು, "ಅವನು ಬರಲಿ ಬಿಡು" ಅಂತಿದ್ದಾರೆ. ಅಮೆರಿಕದಲ್ಲಿ ಕೋರ್ಟು ಹಕ್ಕು ಕಿತ್ತುಕೊಂಡಿತು ಎಂದು ಸುದ್ದಿ ಬಂದಾಗ, ನಮ್ಮ ದೇಶದಲ್ಲಿ 1971ರಿಂದಲೇ ಈ ಹಕ್ಕಿದೆ ಅಂತ ಇದೇ ಗುಂಪಿನಲ್ಲಿ ಎಷ್ಟೋ ಜನ ಬರೆದಿದ್ದರು. ಹಾಗಾದರೆ ಇದೇನು?

ವಕೀಲೆ:
ಮೊದಲು ನೇರ ಉತ್ತರ. ಗಂಡನ ಸಹಿ ಬೇಡ. ಎಂಟಿಪಿ ಕಾಯ್ದೆ, ಅಂದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು, ಅವಳೊಬ್ಬಳದೇ. ಅಪ್ರಾಪ್ತೆಯಾಗಿದ್ದರೆ, ಇಲ್ಲವೇ ಮಾನಸಿಕ ಅಸ್ವಸ್ಥೆಯಾಗಿದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಆ ಒಪ್ಪಿಗೆಗೆಂದೇ ಫಾರ್ಮ್ ಸಿ ಅಂತ ಒಂದು ನಮೂನೆ ಇದೆ. ಒಂದೇ ಪುಟ. ಇಂಥವರ ಮಗಳು ಅಥವಾ ಹೆಂಡತಿ, ಇಷ್ಟು ವಯಸ್ಸು, ಇಂಥ ಊರು, ನನ್ನ ಗರ್ಭವನ್ನು ಇಂಥ ಕಡೆ ತೆಗೆಸಿಕೊಳ್ಳಲು ಒಪ್ಪಿದ್ದೇನೆ, ಅಷ್ಟೇ. ಗಂಡನ ಹೆಸರು ಬರೆಯಲು ಜಾಗ ಇದೆ, ಅವನು ಸಹಿ ಹಾಕುವ ಗೆರೆ ಇಲ್ಲ.

ಆಸ್ಪತ್ರೆಯವರು ಮತ್ಯಾಕೆ ಕೇಳುತ್ತಾರೆ? ನಾಳೆ ಗಂಡ ಬಂದು ಗಲಾಟೆ ಮಾಡಿದರೆ, ಕೇಸು ಹಾಕಿದರೆ ಎಂಬ ಭಯ. ಹಾಗೆ ಕೇಸು ಹಾಕಿದವರೂ ಇದ್ದಾರೆ. ಹೆಂಡತಿ, ಅವಳ ತವರಿನವರು, ಡಾಕ್ಟರು, ಎಲ್ಲರ ಮೇಲೂ ಪರಿಹಾರ ಕೇಳಿ ಒಬ್ಬರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನವರೆಗೆ ಹೋಗಿ ಸೋತರು. ಸುಪ್ರೀಂ ಕೋರ್ಟು 2017ರಲ್ಲಿ ಅವರ ಮೇಲ್ಮನವಿಯನ್ನೂ ವಜಾ ಮಾಡಿತು. ಆಮೇಲೂ ಕೌಂಟರಿನ ಪದ್ಧತಿ ಬದಲಾಗಿಲ್ಲ.

ಇನ್ನು "ಹಕ್ಕು ಇದೆಯಾ" ಅನ್ನುವ ಮಾತು. ನಾನು ಹೇಳುವುದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ಕಾಯ್ದೆಯನ್ನು ಓದಿದರೆ ಅದರಲ್ಲಿ ಹೆಣ್ಣಿಗೆ ಕೊಟ್ಟಿದ್ದಕ್ಕಿಂತ ಡಾಕ್ಟರಿಗೆ ಕೊಟ್ಟ ರಕ್ಷಣೆಯೇ ಜಾಸ್ತಿ. ಬ್ರಿಟಿಷರು 1860ರಲ್ಲಿ ಮಾಡಿದ ಐಪಿಸಿಯ 312ನೇ ಸೆಕ್ಷನ್ ಪ್ರಕಾರ, ತಾಯಿಯ ಜೀವ ಉಳಿಸಲಿಕ್ಕೆ ಮಾಡಿದ್ದಲ್ಲದಿದ್ದರೆ ಗರ್ಭಪಾತ ಅಪರಾಧ. ತಾನೇ ಮಾಡಿಕೊಂಡ ಹೆಣ್ಣಿಗೂ ಶಿಕ್ಷೆ. ಐಪಿಸಿ ಹೋಗಿ 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 88ನೇ ಸೆಕ್ಷನ್ನಿನಲ್ಲಿ ಅದೇ ಅಪರಾಧ ಹಾಗೇ ಕೂತಿದೆ. ಎಂಟಿಪಿ ಕಾಯ್ದೆ ಅದಕ್ಕೆ ಒಂದು ವಿನಾಯಿತಿ. ಈ ಷರತ್ತುಗಳಲ್ಲಿ ನೋಂದಾಯಿತ ವೈದ್ಯರು ಗರ್ಭಪಾತ ಮಾಡಿದರೆ ಅವರು ತಪ್ಪಿತಸ್ಥರಲ್ಲ ಎನ್ನುತ್ತದೆ. "ಹೆಣ್ಣು ಕೇಳಿದರೆ ಕೊಡಬೇಕು" ಎನ್ನುವುದಿಲ್ಲ.

ಅದು ಹುಟ್ಟಿದ್ದೂ ಹಾಗೆಯೇ. ಕದ್ದುಮುಚ್ಚಿ ಮಾಡಿಸಿಕೊಂಡು ಹೆಂಗಸರು ಸಾಯುತ್ತಿದ್ದರು. ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಮಾಡಿತು, 1966ರಲ್ಲಿ ವರದಿ ಬಂತು, 1971ರಲ್ಲಿ ಕಾಯ್ದೆ ಆಯಿತು. ಆರೋಗ್ಯದ ಮಾತು ಅಲ್ಲಿತ್ತು, ಹಕ್ಕಿನ ಮಾತು ಇರಲಿಲ್ಲ. ಹಕ್ಕಿನ ಮಾತು ಆಡಿದ್ದು ಕೋರ್ಟು. ಮಗು ಬೇಕೋ ಬೇಡವೋ ಎಂಬ ಆಯ್ಕೆ ಸಂವಿಧಾನದ 21ನೇ ವಿಧಿಯಲ್ಲಿರುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು.

ಸದಸ್ಯ:
ಎಷ್ಟು ವಾರದವರೆಗೆ ಮಾಡಬಹುದು ಮೇಡಂ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ವಕೀಲೆ:
2021ರ ತಿದ್ದುಪಡಿಯ ನಂತರ ಹೀಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರು ಬೇಕು, ಅದೂ ಕೆಲವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗಲೇ ಗಂಡ ತೀರಿಕೊಂಡವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಹೀಗೆ. 24 ದಾಟಿದರೆ ಭ್ರೂಣಕ್ಕೆ ಗಂಭೀರ ತೊಂದರೆ ಇದೆ ಎಂದು ಮೆಡಿಕಲ್ ಬೋರ್ಡ್ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾಗಿದ್ದರೆ ಈ ಲೆಕ್ಕ ಯಾವುದೂ ಇಲ್ಲ.

ಸದಸ್ಯೆ (ಪ್ರಸೂತಿ ತಜ್ಞೆ):
ಒಂದು ಸೇರಿಸುತ್ತೇನೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಸೇರಿದ ದಿನದಿಂದ ಅಲ್ಲ. "ಇನ್ನೂ ಆರೇ ವಾರ" ಅಂತ ಬರುತ್ತಾರೆ, ಸ್ಕ್ಯಾನ್ ಮಾಡಿದರೆ ಎಂಟಾಗಿರುತ್ತದೆ. ಇನ್ನೊಂದು, ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ ಮಾಡುವುದೇ 18ರಿಂದ 20 ವಾರದ ಹೊತ್ತಿಗೆ. ಮೊದಲು ಮಿತಿ 20 ಇದ್ದಾಗ, ಹೃದಯದಲ್ಲಿ ತೊಂದರೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ಗಡುವೇ ಮುಗಿದಿರುತ್ತಿತ್ತು. ಜನ ರಿಪೋರ್ಟ್ ಹಿಡಿದುಕೊಂಡು ಕೋರ್ಟಿಗೆ ಓಡುತ್ತಿದ್ದರು.

ಸದಸ್ಯೆ:
ಮದುವೆ ಆಗದವರಿಗೆ?

ವಕೀಲೆ:
ಅದೇ ಕಾಯ್ದೆ, ಅದೇ ವಾರಗಳು. ಗರ್ಭನಿರೋಧಕ ವಿಫಲವಾದರೆ ಎಂಬ ಕಾರಣವನ್ನು 1971ರ ಕಾಯ್ದೆ ವಿವಾಹಿತರಿಗೆ ಮಾತ್ರ ಕೊಟ್ಟಿತ್ತು. 2021ರಲ್ಲಿ ಅದನ್ನು ಯಾವುದೇ ಮಹಿಳೆ ಮತ್ತು ಆಕೆಯ ಸಂಗಾತಿ ಎಂದು ಬದಲಿಸಿದರು. ಆದರೂ ದೆಹಲಿಯಲ್ಲಿ 25 ವರ್ಷದ ಅವಿವಾಹಿತೆಯೊಬ್ಬರಿಗೆ ಹೈಕೋರ್ಟು 20 ವಾರದ ಮೇಲೆ ಅವಕಾಶ ಕೊಡಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್ 29ರಂದು ತೀರ್ಪು ಬಂತು. 24 ವಾರದ ಅವಕಾಶದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಮಾಡುವಂತಿಲ್ಲ. ಅದೇ ತೀರ್ಪಿನಲ್ಲಿ, ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದೂ ಹೇಳಿದರು. ಈ ಎರಡನೆಯದು ಎಷ್ಟೋ ವಕೀಲರಿಗೇ ಗೊತ್ತಿಲ್ಲ ನೋಡಿ.

ಸದಸ್ಯ:
ಎಲ್ಲಾ ಸರಿ ಮೇಡಂ. ಒಳಗಿರುವ ಜೀವದ ಪರವಾಗಿ ಮಾತಾಡುವವರು ಯಾರು? ಮಂಡ್ಯದಲ್ಲಿ ಏನಾಯ್ತು ಅಂತ ನೋಡಿದ್ವಲ್ಲ. ಕಾನೂನು ಸಡಿಲ ಮಾಡಿದಷ್ಟೂ ಹೆಣ್ಣುಮಕ್ಕಳೇ ಹೋಗೋದು.

ವಕೀಲೆ:
ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಎರಡನ್ನೂ ಬೇರೆ ಮಾಡೋಣ.

ಮಂಡ್ಯದ್ದು ಬೇರೆ ಅಪರಾಧ. 2023ರ ಕೊನೆಯಲ್ಲಿ ಬಯಲಿಗೆ ಬಂದ ಆ ಹೆಣ್ಣು ಭ್ರೂಣ ಹತ್ಯೆ ಜಾಲದವರು ಬೆಲ್ಲ ಮಾಡುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರು. ಗಂಡೋ ಹೆಣ್ಣೋ ಎಂದು ನೋಡುವುದೇ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕೆಳಗೆ ಅಪರಾಧ. ಅಲ್ಲಿ ಸಡಿಲವಾಗಿದ್ದು ಕಾನೂನಲ್ಲ, ನಿಗಾ. ಎಂಟಿಪಿ ಬಿಗಿ ಮಾಡಿದರೆ ಆಲೆಮನೆ ಮುಚ್ಚುವುದಿಲ್ಲ. ಮಾನ್ಯತೆ ಇರುವ ಆಸ್ಪತ್ರೆಗೆ ಹೋಗುವವರೂ ಅಂಥ ಕಡೆ ಹೋಗಬೇಕಾಗುತ್ತದೆ.

ಒಳಗಿರುವ ಜೀವದ ಪ್ರಶ್ನೆ ಮಾತ್ರ ನಿಜವಾಗಿಯೂ ಕಷ್ಟದ್ದು. ಅದನ್ನು ತಳ್ಳಿಹಾಕುವವಳು ನಾನಲ್ಲ. ಸುಪ್ರೀಂ ಕೋರ್ಟಿಗೂ ಅದು ಸುಲಭ ಆಗಲಿಲ್ಲ. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಬಂದರು. ಎರಡನೇ ಹೆರಿಗೆಯ ನಂತರ ಖಿನ್ನತೆ, ಮಾತ್ರೆ ನಡೆಯುತ್ತಿತ್ತು. ಹಾಲುಣಿಸುತ್ತಿದ್ದರಿಂದ ಮುಟ್ಟು ಬಂದಿರಲಿಲ್ಲ, ಮೂರನೆಯದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಆಗ 26 ವಾರ. ಇಬ್ಬರು ನ್ಯಾಯಮೂರ್ತಿಗಳು ಮೊದಲು ಅನುಮತಿ ಕೊಟ್ಟರು. ಏಮ್ಸ್ ವೈದ್ಯರು, ಮಗು ಬದುಕುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕಾ ಎಂದು ಬರೆದು ಕೇಳಿದರು. ಆಗ ಆ ಇಬ್ಬರಲ್ಲೇ ಭಿನ್ನಾಭಿಪ್ರಾಯ ಬಂತು. ಹಿಮಾ ಕೊಹ್ಲಿ ಅವರು ಆಗುವುದಿಲ್ಲ ಎಂದರು, ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ತಾಯಿಯ ಮಾತಿಗೇ ಬೆಲೆ ಕೊಡಬೇಕು ಎಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಭ್ರೂಣಕ್ಕೂ ತೊಂದರೆ ಇಲ್ಲ ಎಂಬುದು ಕಾರಣ.

ಅಂದರೆ ಒಳಗಿನ ಜೀವದ ಪರ ಯಾರೂ ಇಲ್ಲ ಎನ್ನುವುದು ಸರಿಯಲ್ಲ. ತಿಂಗಳು ಬೆಳೆದಂತೆ ಕಾಯ್ದೆಯೇ ಆ ಕಡೆ ವಾಲುತ್ತದೆ. ನನ್ನ ತಕರಾರು ಇರುವುದು ಹತ್ತು ವಾರದ ಹೆಂಗಸನ್ನೂ 26 ವಾರದ ಕೇಸಿನ ಹಾಗೆ ನಡೆಸಿಕೊಳ್ಳುವುದರ ಬಗ್ಗೆ.

ಸದಸ್ಯೆ:
ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಅವರನ್ನು ಮರೆಯಬೇಡಿ. ಐರ್ಲೆಂಡಿನಲ್ಲಿ ದಂತವೈದ್ಯೆ ಆಗಿದ್ದವರು. 2012ರಲ್ಲಿ 17 ವಾರಕ್ಕೆ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದರೂ ಭ್ರೂಣದ ಎದೆಬಡಿತ ಇದೆ ಅಂತ ಕಾಯಿಸಿದರು. ನಂಜೇರಿ ತೀರಿಕೊಂಡರು, 31 ವಯಸ್ಸು.

ವಕೀಲೆ:
ಹೌದು. 2018ರ ಮೇ ತಿಂಗಳ ಜನಮತದಲ್ಲಿ ಅಲ್ಲಿನವರು ಶೇ 66ರಷ್ಟು ಮತ ಹಾಕಿ ಸಂವಿಧಾನದಲ್ಲಿ ಗರ್ಭಪಾತಕ್ಕಿದ್ದ ನಿರ್ಬಂಧ ತೆಗೆದರು. ಈಗ ಅಲ್ಲಿ 12 ವಾರದವರೆಗೆ ಕಾರಣ ಹೇಳಬೇಕಾಗಿಲ್ಲ. ನಮ್ಮಲ್ಲಿ ಮೊದಲ ವಾರದಿಂದಲೇ ಕಾರಣ ಬೇಕು. ಹೋಲಿಸಿ ನೋಡಿ, 1971ರ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಪ್ರಶ್ನೆ ಕೇಳಿದ ಸದಸ್ಯೆ:
ಥ್ಯಾಂಕ್ಸ್ ಮೇಡಂ. ನಾಳೆ ಬೆಳಿಗ್ಗೆ ನಾನೇ ಅವಳ ಜೊತೆ ಹೋಗ್ತೀನಿ. ಏನು ಹೇಳಲಿ?

ವಕೀಲೆ:
ಜಗಳ ಬೇಡ. ವಯಸ್ಸಿನ ದಾಖಲೆ, ಸ್ಕ್ಯಾನ್ ರಿಪೋರ್ಟ್ ಇಟ್ಟುಕೊಳ್ಳಿ. "ಫಾರ್ಮ್ ಸಿ ಕೊಡಿ, ನಾನು ಸಹಿ ಹಾಕ್ತೀನಿ" ಅಂತ ನಾದಿನಿಯೇ ಹೇಳಲಿ, ನೀವಲ್ಲ. ಗರ್ಭನಿರೋಧಕ ವಿಫಲವಾಗಿದೆ ಎಂಬ ಕಾರಣ 20 ವಾರದವರೆಗೆ ಸಾಕು. ಆಗಲೂ ಗಂಡನ ಸಹಿ ಅಂದರೆ, ಅದನ್ನೇ ಬರೆದುಕೊಡಿ ಎಂದು ಕೇಳಿ. ಬರೆದುಕೊಡಲು ಯಾರೂ ಮುಂದೆ ಬರುವುದಿಲ್ಲ. ಅಲ್ಲಿ ಆಗದಿದ್ದರೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ. ಮನೆಗೆ ಫೋನ್ ಮಾಡಿ ವಿಷಯ ಹೇಳುತ್ತೇವೆ ಅಂದರೆ ಎಂಟಿಪಿ ಕಾಯ್ದೆಯ 5ಎ ಸೆಕ್ಷನ್ ನೆನಪಿಸಿ. ಕಾನೂನಿನಲ್ಲಿ ಅಧಿಕಾರ ಇರುವವರಿಗೆ ಬಿಟ್ಟು ಬೇರೆ ಯಾರಿಗೂ ಹೆಸರು, ವಿವರ ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದವರೆಗೆ ಜೈಲು.

ಸದಸ್ಯೆ (ಪ್ರಸೂತಿ ತಜ್ಞೆ):
ದಯವಿಟ್ಟು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮನೆಯಲ್ಲಿ ನುಂಗಬೇಡಿ. ಮಾತ್ರೆಗೆ ನಮ್ಮ ನಿಯಮದಲ್ಲಿ 9 ವಾರದವರೆಗೆ ಅವಕಾಶ, ಅದೂ ಡಾಕ್ಟರ್ ಬರೆದುಕೊಟ್ಟರೆ. ಹತ್ತು ವಾರಕ್ಕೆ ಹೀರಿ ತೆಗೆಯುವ ವಿಧಾನ ಇದೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಬಾಣಂತನದ ರಕ್ತಹೀನತೆ ಇನ್ನೂ ಇರಬಹುದು, ಹಿಮೋಗ್ಲೋಬಿನ್ ನೋಡಿಸಿ. ಮತ್ತೆ ಅತ್ತೆಯವರು "ಅವನು ಬರಲಿ" ಅಂದರೆ ಕಾಯುತ್ತಾ ಕೂರಬೇಡಿ. ಹನ್ನೆರಡು ವಾರದೊಳಗೆ ಆದರೆ ತೊಂದರೆ ಕಡಿಮೆ.